‘ಕಲ್ಮಶ ಕಂಡುಬಂದಿಲ್ಲ’ ಅಂತ ದೂರು ಮುಚ್ಚಿದ್ದಾರೆ, ಮುಂದೇನು?

ಮನೆ 14, ಮೊದಲ ಕ್ರಾಸ್: ಎಲ್ಲರಿಗೂ ನಮಸ್ಕಾರ. ನಲ್ಲಿ ನೀರಿನ ದೂರಿಗೆ ಉತ್ತರ ಬಂತು. ‘ಸ್ಥಳ ಪರಿಶೀಲಿಸಲಾಗಿದೆ, ನೀರಿನಲ್ಲಿ ಕಲ್ಮಶ ಕಂಡುಬಂದಿಲ್ಲ.’ ಅವರು ಬಂದದ್ದು ಮಧ್ಯಾಹ್ನ. ಸಂಪ್ ಮುಚ್ಚಳ ತೆಗೆದು ಬಗ್ಗಿ ನೋಡಿದರು. ಅಷ್ಟು ಹೊತ್ತಿಗೆ ಗಸಿ ಎಲ್ಲ ತಳ ಸೇರಿತ್ತು. ಮೇಲೆ ನೀರು ಕನ್ನಡಿ ಹಾಗೆ ಇತ್ತು!

ಹಾಲಿನ ಬೂತ್ ಎದುರು ಮನೆ: ನಮ್ಮಲ್ಲೂ ಅಷ್ಟೇ ಸಾರ್. ನೀರು ಬಿಟ್ಟ ಮೊದಲ ಹತ್ತು ನಿಮಿಷ ಬರೀ ಬಗ್ಗಡ. ನಲ್ಲಿಗೆ ಬಟ್ಟೆ ಕಟ್ಟಿದರೆ ಬಟ್ಟೆಯೇ ಕೆಂಪಗಾಗುತ್ತದೆ.

ಮೇಷ್ಟ್ರು, ಮನೆ 22: ತಪ್ಪು ನಮ್ಮದೂ ಇದೆ. ‘ನೀರಿನಲ್ಲಿ ಕಲ್ಮಶವಿದೆ’ ಅಂತ ಒಂದೇ ಸಾಲು ಬರೆದೆವು. ಆ ಪದ ಎಲ್ಲಿಗೆ ಬೇಕಾದರೂ ಹೊಂದುತ್ತದೆ. ಮನಸ್ಸಿನಲ್ಲಿ ಕಲ್ಮಶ ಅಂತೀವಿ, ನಿಷ್ಕಲ್ಮಶ ನಗು ಅಂತೀವಿ, ಕಾರ್ಖಾನೆಯಿಂದ ಬರುವ ನೀರಿಗೂ ಅದೇ ಮಾತು. ಇರಬಾರದ್ದು ಸೇರಿದೆ ಅಂತ ಗೊತ್ತಾಗುತ್ತದೆ, ಏನು ಸೇರಿದೆ ಅಂತ ಗೊತ್ತಾಗುವುದಿಲ್ಲ. ಬೂತ್ ಎದುರು ಮನೆಯ ಅಮ್ಮ ನೋಡಿ, ಸರಿಯಾದ ಪದವನ್ನೇ ಹೇಳಿದರು. ಮಣ್ಣು ಕದಡಿದ ನೀರು ಬಗ್ಗಡ. ತಳಕ್ಕೆ ಕೂತದ್ದು ಗಸಿ.

ಮನೆ 9: ‘ಕಲಬೆರಕೆ ನೀರು’ ಅಂತ ಬರೆಯೋಣ ಮೇಷ್ಟ್ರೇ. ಸ್ವಲ್ಪ ಖಾರವಾಗಿರಲಿ.

ಮೇಷ್ಟ್ರು, ಮನೆ 22: ಬೇಡಪ್ಪ. ಹಾಲಿಗೆ ನೀರು, ಮೆಣಸಿಗೆ ಪರಂಗಿ ಬೀಜ, ಇದು ಕಲಬೆರಕೆ. ಯಾರೋ ಲಾಭಕ್ಕೆ ಬೇಕಂತಲೇ ಸೇರಿಸಿದರು ಅಂತ ಆರೋಪ ಮಾಡಿದ ಹಾಗೆ. ಬರೀ ಬೆರಕೆ ಆದರೆ ದೋಷವೇ ಇಲ್ಲ. ಬೆರಕೆ ಸೊಪ್ಪಿನ ಸಾರಿಲ್ಲದೆ ಕೋಲಾರದಲ್ಲಿ ಮುದ್ದೆ ಇಳಿಯುತ್ತಾ?

ಮನೆ 9: 😄 ಆಯ್ತು. ಕಲ್ಮಶಕ್ಕೆ ಶ-ನಾ, ಷ-ನಾ?

ಮೇಷ್ಟ್ರು, ಮನೆ 22: ಸಂಸ್ಕೃತದಲ್ಲಿ ಷ. ಕನ್ನಡದಲ್ಲಿ ಶ ಬಳಕೆಗೆ ಬಂದುಬಿಟ್ಟಿದೆ. ಅದನ್ನು ಆಮೇಲೆ ನೋಡೋಣ.

ಮನೆ 31, ಲ್ಯಾಬ್ ಕೆಲಸದವಳು: ಒಂದು ಮಾತು. ಬಗ್ಗಡಕ್ಕೂ ಅಳತೆ ಇದೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಅದು 1 ಎನ್‌ಟಿಯು (ನೀರು ಎಷ್ಟು ಕದಡಿದೆ ಅಂತ ಅಳೆಯುವ ಮಾನ) ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 5ರವರೆಗೆ. ಆದರೆ ನನಗೆ ಮಣ್ಣಿಗಿಂತ ನೀರಿಗಿರುವ ಚರಂಡಿ ವಾಸನೆಯದೇ ಚಿಂತೆ. ಎರಡನೇ ಕ್ರಾಸ್ ತಿರುವಿನಲ್ಲಿ ಪೈಪು ಚರಂಡಿ ದಾಟುತ್ತದೆ. ನೀರು ಬಿಡದ ದಿನ ಪೈಪು ಖಾಲಿ. ಸೋರುವ ಜಾಗ ಇದ್ದರೆ ಅಲ್ಲಿಂದಲೇ ಕೊಳಚೆ ಒಳಗೆ ಸೇರುತ್ತದೆ. ಅದು ಕಣ್ಣಿಗೆ ಕಾಣಬೇಕಾಗಿಲ್ಲ. 100 ಮಿ.ಲೀ. ನೀರಿನಲ್ಲಿ ಒಂದೂ ಇ-ಕೋಲಿ, ಅಂದರೆ ಮಲದಿಂದ ಬರುವ ಬ್ಯಾಕ್ಟೀರಿಯಾ, ಇರಬಾರದು ಅಂತ ನಿಯಮ.

ಹಾಲಿನ ಬೂತ್ ಎದುರು ಮನೆ: ಅಯ್ಯೋ! ಹಾಗಾದರೆ ಬೋರ್‌ವೆಲ್ ಟ್ಯಾಂಕರ್ ನೀರೇ ವಾಸಿ ಅಲ್ವಾ? ತಿಳಿಯಾಗಿರುತ್ತೆ.

ಮನೆ 31, ಲ್ಯಾಬ್ ಕೆಲಸದವಳು: ನಮ್ಮ ಜಿಲ್ಲೆಯಲ್ಲಿ ಆ ಮಾತು ಹೇಳಲೇಬೇಡಿ ಅಮ್ಮ. ಇಲ್ಲಿನ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಅನ್ನೋ ಲವಣ ಇರಬಹುದು, ಅದಕ್ಕೆ ಬಣ್ಣವಿಲ್ಲ. ಲೀಟರಿಗೆ 1.5 ಮಿ.ಗ್ರಾಂ ಮೀರಿದ ನೀರನ್ನು ಮಕ್ಕಳು ವರ್ಷಗಟ್ಟಲೆ ಕುಡಿದರೆ ಹಲ್ಲಿನ ಮೇಲೆ ಕಲೆ ಬೀಳುತ್ತದೆ. ಕುದಿಸಿದರೂ ಹೋಗುವುದಿಲ್ಲ. ನೀರು ಆವಿಯಾಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ.

ಮನೆ 14, ಮೊದಲ ಕ್ರಾಸ್: ಸರಿ, ಅರ್ಜಿ ಹೀಗೆ ಬರೆಯಲಾ? ‘ನೀರು ಬಿಟ್ಟ ಮೊದಲ ಹತ್ತು ನಿಮಿಷ ಕೆಂಪು ಬಗ್ಗಡ ಬರುತ್ತಿದೆ, ಚರಂಡಿ ವಾಸನೆ ಇದೆ. ಎರಡನೇ ಕ್ರಾಸ್ ತಿರುವಿನ ಪೈಪು ಪರೀಕ್ಷಿಸಬೇಕು. ನೀರು ಬಿಡುವ ಹೊತ್ತಿನಲ್ಲೇ ಬಂದು ಮಾದರಿ ತೆಗೆಯಬೇಕು.’

ಮೇಷ್ಟ್ರು, ಮನೆ 22: ಇದು ಅರ್ಜಿ! ಮನೆ ನಂಬರ್, ಸಮಯ ಹಾಕಿ. ವಿಡಿಯೋ ಇದ್ದರೆ ಇನ್ನೂ ಒಳ್ಳೆಯದು.

ಮನೆ 31, ಲ್ಯಾಬ್ ಕೆಲಸದವಳು: ಬ್ಯಾಕ್ಟೀರಿಯಾ ಪರೀಕ್ಷೆಗೆ ಮನೆಯ ಬಾಟಲಿ ನಡೆಯುವುದಿಲ್ಲ. ಸ್ಟೆರೈಲ್ ಬಾಟಲಿ ನಾಲ್ಕು ತರುತ್ತೇನೆ. ನೀರು ಹಿಡಿದ ತಕ್ಷಣ ಐಸ್ ಡಬ್ಬಿಯಲ್ಲಿ ಇಡಬೇಕು, ತಡಮಾಡದೆ ಲ್ಯಾಬ್ ಸೇರಬೇಕು.

ಮನೆ 9: ಐಸ್ ಡಬ್ಬಿ ನಮ್ಮಲ್ಲಿದೆ. ಬೈಕೂ ಇದೆ.

ಮನೆ 14, ಮೊದಲ ಕ್ರಾಸ್: ವಾಲ್ವ್‌ನವರು ಈಗ ಫೋನ್ ಮಾಡಿದ್ದರು. ನಾಳೆ ಬೆಳಗಿನ ಜಾವ 4ಕ್ಕೆ ಬಿಡುತ್ತಾರಂತೆ.

ಹಾಲಿನ ಬೂತ್ ಎದುರು ಮನೆ: ನಾನು ಎದ್ದಿರುತ್ತೇನೆ. ಬಾಟಲಿ ರಾತ್ರಿನೇ ಕೊಟ್ಟುಹೋಗಮ್ಮ. ಕಾಫಿ ನಮ್ಮನೇಲಿ. ಫಿಲ್ಟರ್ ನೀರಿನದು!