ಜಂಪ್‌ಸೂಟ್ ಕೊಳ್ಳುವ ಮುನ್ನ ಕುಳಿತು ನೋಡಿ

ಪ್ರಶ್ನೆ: ಇಷ್ಟು ವರ್ಷ ಪ್ಯಾಂಟು, ಟಾಪುಗಳಲ್ಲೇ ಕಳೆದಿದ್ದೇನೆ. ದಿನಬಳಕೆಗೆ ಒಂದು ಜಂಪ್‌ಸೂಟ್, ಅಂದರೆ ಆ ಎರಡನ್ನೂ ಸೇರಿಸಿ ಹೊಲಿದ ಉಡುಪು, ಕೊಳ್ಳುವ ಆಸೆ. ಎತ್ತರ ಕಡಿಮೆ, ಸೊಂಟ ಸ್ವಲ್ಪ ದಪ್ಪ. ನನಗೆ ಒಪ್ಪೀತೇ? ಶೌಚಾಲಯದಲ್ಲಿ ಮೇಲಿನಿಂದಲೇ ಕಳಚಬೇಕಾದ ಫಜೀತಿಯ ಮಾತು ನಿಜವೇ? ತೊಟ್ಟು ಅಭ್ಯಾಸವಿರುವವರು ತಿಳಿಸಿ.

ಉತ್ತರ: ಎತ್ತರವನ್ನೂ ಸೊಂಟವನ್ನೂ ಬದಿಗಿಡಿ. ಇಲ್ಲಿ ನಿರ್ಣಾಯಕವಾದದ್ದು ಭುಜದಿಂದ ತೊಡೆಸಂದಿನವರೆಗಿನ ಮೈಯುದ್ದ. ಪ್ಯಾಂಟು, ಟಾಪು ಬೇರೆಬೇರೆಯಾಗಿದ್ದಾಗ ಕುಳಿತರೂ ಕೈ ಎತ್ತಿದರೂ ಎರಡೂ ತಮ್ಮಷ್ಟಕ್ಕೆ ಸರಿದುಕೊಳ್ಳುತ್ತವೆ. ಸೇರಿಸಿ ಹೊಲಿದ ಮೇಲೆ ಆ ಅವಕಾಶವಿಲ್ಲ. ಬಟ್ಟೆಯ ಮೇಲಿನ ಸೈಜ್ ಚೀಟಿ ಈ ಅಳತೆಯನ್ನು ಹೇಳುವುದು ಅಪರೂಪ. ಮನೆಯಲ್ಲಿ ಯಾರಾದರೂ ಟೇಪು ಹಿಡಿಯಲಿ: ಭುಜದ ನಡುವಿನಿಂದ ಎದೆಯ ಮೇಲೆ ಇಳಿಸಿ, ಕಾಲುಗಳ ನಡುವೆ ತಂದು, ಬೆನ್ನಿನ ಮೇಲಿಂದ ಅದೇ ಭುಜಕ್ಕೆ ಮುಟ್ಟಿಸಬೇಕು. ಹಿಗ್ಗದ ಬಟ್ಟೆಯಾದರೆ ಉಡುಪಿನ ಅಳತೆ ಇದಕ್ಕಿಂತ 4–5 ಸೆಂಟಿಮೀಟರಾದರೂ ಹೆಚ್ಚಿರಲಿ. ತೊಟ್ಟು ನೋಡುವಾಗ ಕನ್ನಡಿಯ ಮುಂದೆ ನಿಂತರೆ ಸಾಲದು. ಕುಳಿತುಕೊಳ್ಳಿ, ಬಗ್ಗಿ, ಎರಡೂ ಕೈ ಮೇಲೆತ್ತಿ. ಕಾಲಿನ ಉದ್ದ ಹೆಚ್ಚಾದರೆ ಯಾವ ದರ್ಜಿಯೂ ಮಡಿಸಿ ಹೊಲಿದುಕೊಡುತ್ತಾರೆ. ಮೈಯುದ್ದ ಕಡಿಮೆ ಬಿದ್ದರೆ ಸೇರಿಸಲು ಬಟ್ಟೆ ಎಲ್ಲಿಂದ ತರುವುದು?

ಎತ್ತರ ಕಡಿಮೆ ಇರುವವರಿಗೆ ಈ ಉಡುಪು ಒಪ್ಪುವುದಿಲ್ಲ ಎಂಬುದನ್ನು ನಾನು ನಂಬುವುದಿಲ್ಲ. ಮೇಲಿನಿಂದ ಕೆಳಗಿನವರೆಗೆ ಒಂದೇ ಬಣ್ಣವಿದ್ದರೆ ನಿಲುವು ಉದ್ದವಾಗಿಯೇ ಕಾಣುತ್ತದೆ. ಬೇರೆ ಬಣ್ಣದ ಅಗಲ ಬೆಲ್ಟು ಕಟ್ಟಿದಿರೋ, ಮೈ ಎರಡು ತುಂಡಾಯಿತು. ಸೊಂಟ ಮರೆಯಾಗಬೇಕೆಂದರೆ ಗುಂಡಿ ಹಾಕದ ಉದ್ದನೆಯ ಶರ್ಟು ಮೇಲಿರಲಿ.

ಮತ್ತೊಬ್ಬರು: ಶೌಚಾಲಯದ ಫಜೀತಿ ನಿಜ! ಬೆನ್ನಿಗೆ ಜಿಪ್ ಇರುವುದನ್ನು ಮುಟ್ಟಲೇಬೇಡಿ. ಮುಂದೆ ಗುಂಡಿ ಅಥವಾ ಜಿಪ್ ಇದ್ದರೆ ಅರ್ಧ ಸಂಕಟ ತಪ್ಪಿತು. ಒಳಗೊಂದು ತೆಳು ಟೀ ಶರ್ಟ್ ತೊಟ್ಟರೆ ಅರೆಬೆತ್ತಲಾಗಿ ಕೂರಬೇಕಿಲ್ಲ. ಅಗಲ ಕಾಲಿನದಾದರೆ ಮೊದಲು ಉಡುಪಿನ ಕಾಲುಗಳನ್ನು ಮೇಲೆ ಮಡಿಸಿ, ಅದರ ತೋಳುಗಳನ್ನು ಮಡಿಲಲ್ಲಿ ಹಿಡಿದುಕೊಳ್ಳಿ. ಒದ್ದೆ ನೆಲಕ್ಕೆ ಕರುಣೆಯಿಲ್ಲ.

ಇನ್ನೊಬ್ಬರು: ಮೊದಲ ಸಲಕ್ಕೆ ಜಂಪ್‌ಸೂಟೇ ಏಕೆ? ಡಂಗರಿ, ಅಂದರೆ ಎದೆ ಮುಚ್ಚುವ ತುಂಡೂ ಭುಜಪಟ್ಟಿಯೂ ಇರುವ ಪ್ಯಾಂಟು, ಕೊಳ್ಳಿ. ಅದರ ಭುಜಪಟ್ಟಿಯನ್ನು ಬೇಕಾದಷ್ಟು ಸಡಿಲಿಸಬಹುದು, ಮೇಲೆ ಹೇಳಿದ ಮೈಯುದ್ದದ ತಲೆನೋವು ಬಹುಪಾಲು ಅಲ್ಲೇ ಮುಗಿಯುತ್ತದೆ. ಒಳಗಿನ ಶರ್ಟು ಬದಲಿಸಿದರೆ ನೋಟವೂ ಬದಲು. ಜೇಬು ಮಾತ್ರ ಇರಲೇಬೇಕು. ಕಾರ್ಖಾನೆಯಲ್ಲಿ ದುಡಿಯುವವರೂ ಪ್ಯಾರಾಚೂಟ್ ಕಟ್ಟಿ ಜಿಗಿಯುವವರೂ ತೊಟ್ಟ ಉಡುಪಿನ ವಂಶದ್ದು ಇದು. ಜೇಬಿನ ಜಾಗದಲ್ಲಿ ಬರೀ ಹೊಲಿಗೆ ಹಾಕಿ ಮಾರುವವರನ್ನು ಕಂಡರೆ ನನಗೆ ಸಿಟ್ಟು.

ಮೊದಲ ಉತ್ತರದವರು: ಡಂಗರಿಯ ಮಾತು ಒಪ್ಪಿದೆ, ಆದರೆ ದಪ್ಪ ಡೆನಿಮ್ ಸೆಕೆಗೆ ಆಗದು. ಬಟ್ಟೆಯ ಬಗ್ಗೆ ಬರೆಯುವುದು ಬಿಟ್ಟುಹೋಗಿತ್ತು. ರೇಯಾನ್ ಮೈಗೆ ಹಿತ, ಆದರೆ ಒಗೆದಾಗ ಕುಗ್ಗುವ ಸ್ವಭಾವದ್ದು. ಉದ್ದದಲ್ಲಿ ಕುಗ್ಗಿದರೆ ಮೊದಲ ಪೆಟ್ಟು ಮೈಯುದ್ದಕ್ಕೇ. ಆದ್ದರಿಂದ ರೇಯಾನ್ ಆಗಲಿ, ಹತ್ತಿಯಾಗಲಿ, ಒಮ್ಮೆ ತಣ್ಣೀರಿನಲ್ಲಿ ಒಗೆದು ಒಣಗಿಸಿದ ಮೇಲೆಯೇ ದರ್ಜಿಯ ಬಳಿಗೆ ಒಯ್ಯಿರಿ. ಜೊತೆಗೆ ತೊಡುವ ಚಪ್ಪಲಿಯನ್ನೂ ಒಯ್ದರೆ ಕಾಲಿನ ಉದ್ದ ಸರಿಯಾಗಿ ಗುರುತಾಗುತ್ತದೆ. ಒಣಹಾಕುವಾಗ ಭುಜಕ್ಕೆ ಹ್ಯಾಂಗರ್ ಸಿಕ್ಕಿಸಬೇಡಿ. ನೀರು ಕುಡಿದ ಕಾಲುಗಳ ಭಾರಕ್ಕೆ ಭುಜ ಜಗ್ಗುತ್ತದೆ. ಸೊಂಟದಲ್ಲಿ ಮಡಿಸಿ ಹಗ್ಗದ ಮೇಲೆ ಹಾಕಿ.