ಅಪ್‌ಡೇಟ್: ರೊಟ್ಟಿ ಯೂನಿಟ್‌ಗೆ ಸಾಲ ಮಂಜೂರಾಯ್ತು

ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿಗೆ ಆರ್ಡರ್ ಏರುತ್ತಲೇ ಇದೆ, ಯಂತ್ರ ತರಲು ಸಾಲ ಕೇಳಿದರೆ ಬ್ಯಾಂಕಿನವರು ಅಡಮಾನಕ್ಕೆ ಜಾಗದ ಪತ್ರ ಕೇಳುತ್ತಾರೆ, ಏನು ಮಾಡಲಿ ಅಂತ ಕೇಳಿದ್ದೆ. ಪಿಎಂಎಫ್‌ಎಂಇಗೆ (ಸಣ್ಣ ಆಹಾರ ತಯಾರಿಕಾ ಘಟಕಗಳಿಗೆ ಸಾಲದ ಜೊತೆ ಸಬ್ಸಿಡಿ ಕೊಡುವ ಕೇಂದ್ರದ ಯೋಜನೆ) ಅರ್ಜಿ ಹಾಕಿ ಅಂದವರಿಗೆಲ್ಲ ತುಂಬಾ ಥ್ಯಾಂಕ್ಸ್. ಸಾಲ ಮಂಜೂರಾಗಿದೆ!

ಕೇಂದ್ರದ ಸಬ್ಸಿಡಿ ಯೋಜನಾ ವೆಚ್ಚದ ಶೇ 35. ಕರ್ನಾಟಕ ಸರ್ಕಾರ ಇನ್ನೂ ಶೇ 15 ಸೇರಿಸುತ್ತದೆ. ಒಟ್ಟು ಅರ್ಧದಷ್ಟು, ಗರಿಷ್ಠ 15 ಲಕ್ಷ ರೂಪಾಯಿ. ಯೋಜನಾ ವೆಚ್ಚದಲ್ಲಿ ಕನಿಷ್ಠ ಶೇ 10 ನಮ್ಮ ಕೈಯಿಂದ ಹಾಕಬೇಕು. ಅಡಮಾನದ ಬದಲು ಸಿಜಿಟಿಎಂಎಸ್‌ಇ (ಸಣ್ಣ ಉದ್ಯಮಗಳ ಸಾಲಕ್ಕೆ ಬ್ಯಾಂಕಿಗೆ ಖಾತರಿ ಕೊಡುವ ಟ್ರಸ್ಟ್) ಗ್ಯಾರಂಟಿ ಆಯ್ತು.

ಒಂದು ವಿಷಯ ಚೆನ್ನಾಗಿ ತಿಳ್ಕೊಳ್ಳಿ. ಸಬ್ಸಿಡಿ ಕೈಗೆ ಬರುವ ದುಡ್ಡಲ್ಲ. ಬ್ಯಾಂಕಿನಲ್ಲೇ ಬೇರೆ ಖಾತೆಯಲ್ಲಿ ಇರುತ್ತದೆ. ಕಂತು ಸರಿಯಾಗಿ ಕಟ್ಟಿ, ಯೂನಿಟ್ ನಡೆಯುತ್ತಿದ್ದರೆ 3 ವರ್ಷದ ನಂತರ ಸಾಲಕ್ಕೆ ಜಮಾ ಆಗುತ್ತದೆ. ಅಷ್ಟು ಮೊತ್ತಕ್ಕೆ ಬಡ್ಡಿ ಬೀಳಲ್ಲ, ಅದು ದೊಡ್ಡ ನಿರಾಳ.

ಪ್ರಾಜೆಕ್ಟ್ ರಿಪೋರ್ಟ್‌ಗೆ ಏಜೆಂಟರಿಗೆ ಸುಮ್ನೆ ದುಡ್ಡು ಕೊಡಬೇಡಿ. ಈ ಯೋಜನೆಯ ಅರ್ಜಿದಾರರಿಗೆ ನೆರವಾಗಲು ಜಿಲ್ಲೆಯಲ್ಲಿರುವ ಜಿಲ್ಲಾ ಸಂಪನ್ಮೂಲ ವ್ಯಕ್ತಿ ಮಾಡಿಕೊಡುತ್ತಾರೆ, ಅವರಿಗೆ ಸರ್ಕಾರವೇ ಹಣ ಕೊಡುತ್ತದೆ. ನಮ್ಮ ಜಿಲ್ಲೆಯ ಸಂಪನ್ಮೂಲ ವ್ಯಕ್ತಿ ಹಿಟ್ಟು ನಾದುವ ಯಂತ್ರದ ಕೊಟೇಶನ್‌ನಲ್ಲಿ ಜಿಎಸ್‌ಟಿ ನಂಬರ್ ಇದೆಯಾ ಅಂತಲೂ ನೋಡಿದರು. ಈಗ ಯಂತ್ರಕ್ಕೆ ಆರ್ಡರ್ ಕೊಟ್ಟಿದ್ದೇವೆ. ತ್ರೀ ಫೇಸ್ ಕರೆಂಟ್ ಬರಬೇಕು, ಅಷ್ಟೇ ಬಾಕಿ.