ಬಿಳಿ ಅಂಚಿನ ಡಾಗ್‌ವುಡ್‌ನಲ್ಲಿ ಪೂರ್ತಿ ಹಸಿರು ರೆಂಬೆ: ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾವಿರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. 3 ವರ್ಷದ ಹಿಂದೆ ಹಿತ್ತಲಿನ ಬೇಲಿ ಪಕ್ಕ ಡಾಗ್‌ವುಡ್ ಅನ್ನುವ ಪೊದೆಗಿಡ ನೆಟ್ಟಿದ್ದೆ. ಚೀಟಿಯಲ್ಲಿ ಕಾರ್ನಸ್ ಆಲ್ಬಾ 'ಎಲಿಗಾಂಟಿಸಿಮಾ' ಅಂತಿತ್ತು. ಬೂದು ಹಸಿರಿನ ಎಲೆ, ಸುತ್ತ ಬಿಳಿ ಅಂಚು. ಎಲೆ ಉದುರಿದ ಮೇಲೆ ಕಡ್ಡಿಗಳೆಲ್ಲ ಕೆಂಪು. ಚಳಿಗಾಲದ ಆ ಕೆಂಪಿಗಾಗಿಯೇ ತಂದಿದ್ದು.

ಈ ಸಲ ಬುಡದಿಂದ ಎರಡು ರೆಂಬೆ ಪೂರ್ತಿ ಹಸಿರು ಎಲೆ ಹೊತ್ತು ಎದ್ದಿವೆ. ಬಿಳಿಯ ಸುಳಿವೇ ಇಲ್ಲ. ಹಸಿರಿಗೆ ಬಲ ಜಾಸ್ತಿ ಅಲ್ವಾ, ಆಗಲೇ ಉಳಿದವಕ್ಕಿಂತ ಒಂದು ಮೊಳ ಮೇಲೆ ಹೋಗಿವೆ. ಸುಮ್ನೆ ಬಿಟ್ಟರೆ ಇಡೀ ಗಿಡವನ್ನೇ ನುಂಗುತ್ತವೆ ಅಂತ ಗೊತ್ತು. ಈಗ ಜುಲೈನಲ್ಲೇ ಬುಡಕ್ಕೆ ಕತ್ತರಿಸಲಾ, ಎಲೆ ಉದುರುವವರೆಗೆ ಕಾಯಲಾ?

ಇನ್ನೊಂದು ವಿಷಯ. ಹಳೇ ಕಡ್ಡಿಗಳ ಕೆಂಪು ಮಾಸಿದೆ. ಹೊಸ ಕಡ್ಡಿಯಲ್ಲೇ ಬಣ್ಣ ಚೆನ್ನಾಗಿರುವುದು, ಅದಕ್ಕೆ ಮಾರ್ಚ್‌ನಲ್ಲಿ ನೆಲದಿಂದ ಗೇಣುದ್ದ ಬಿಟ್ಟು ಸವರಬೇಕಂತೆ. ಎಲ್ಲವನ್ನೂ ಒಟ್ಟಿಗೆ ಸವರಲು ಕೈ ಬರುತ್ತಿಲ್ಲ. ಊರಲ್ಲಿ ದಾಸವಾಳಕ್ಕೆ ಕತ್ತರಿ ಹಾಕುವಾಗ ಇದ್ದ ಧೈರ್ಯ ಇಲ್ಲಿಲ್ಲ! ಮೂರರಲ್ಲಿ ಒಂದು ಪಾಲು ತೆಗೆದರೆ ಸಾಕಾ? ಮಣ್ಣು ಜೇಡಿ, ಬಿಸಿಲು ಮಧ್ಯಾಹ್ನದವರೆಗೆ. ಬೆಳೆಸಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.